ಬಾಗಿದ ಕ್ಲಚ್ ಲಿವರ್

ಇವತ್ತು ನಿಲ್ಲಿಸಿದ್ದ ಬೈಕ್ ಎಡಕ್ಕೆ ಉರುಳಿತು. ಕನ್ನಡಿ ಸಡಿಲವಾಗಿದೆ, ಇಂಡಿಕೇಟರ್ ಮೇಲೆ ಗೀರು ಬಿದ್ದಿದೆ. ಅವೆಲ್ಲ ಇರಲಿ. ಕ್ಲಚ್ ಲಿವರ್ ಬಾಗಿದ್ದು ನೋಡಿ ಸಂಕಟವಾಯಿತು.

ಬಗ್ಗಿಸಿ ನೇರ ಮಾಡಿಬಿಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೇಡ. ಅದು ಅಲ್ಯೂಮಿನಿಯಂ ಮಿಶ್ರಲೋಹ. ಒಮ್ಮೆ ಬಾಗಿದ್ದನ್ನು ಮತ್ತೆ ಬಗ್ಗಿಸಿದರೆ ಕಣ್ಣಿಗೆ ಕಾಣದ ಬಿರುಕು ಬಿಡಬಹುದು. ಆಮೇಲೆ ಎಲ್ಲೋ ದಟ್ಟಣೆಯ ನಡುವೆ ಮುರಿದು ಕೈಗೆ ಬರುತ್ತದೆ. ಹೊಸದನ್ನೇ ಹಾಕಿದೆ. ಬೋಲ್ಟ್ ಬಿಚ್ಚಿ, ಕೇಬಲ್ ತುದಿ ಕೂರಿಸಿ, ತಿರುಗುವ ಜಾಗಕ್ಕೆ ಚೂರು ಗ್ರೀಸ್ ಸವರಿದರೆ ಕೆಲಸ ಮುಗಿಯಿತು.

ಕೆಲವು ಲಿವರ್‌ಗಳಲ್ಲಿ ತುದಿಯ ಗುಂಡಿನ ಹತ್ತಿರ ಸಣ್ಣ ಕಚ್ಚು ಇರುತ್ತದೆ, ಗಮನಿಸಿದ್ದೀರಾ? ಬಿದ್ದಾಗ ಬುಡದಲ್ಲಿ ಅಲ್ಲ, ಅಲ್ಲಿಯೇ ಮುರಿಯಲಿ ಎಂದು. ಉಳಿದ ತುಂಡು ಹಿಡಿದು ಮನೆ ಸೇರಬಹುದು. ನಾವು ಬೀಳುವುದಕ್ಕೆ ಎಷ್ಟೋ ಮೊದಲೇ ಯಾರೋ ಕುಳಿತು ನಮ್ಮ ಮರಳುವ ದಾರಿಯನ್ನು ಯೋಚಿಸಿದ್ದಾರೆ. ಆ ಕಾಳಜಿಗೆ ಮನಸ್ಸು ತುಂಬಿ ಬಂತು.

ಟ್ಯಾಂಕಿನ ಗೀರು ಮೇಲ್ಪದರದ್ದು, ಲೋಹ ಕಾಣುತ್ತಿಲ್ಲ, ತುಕ್ಕಿನ ಭಯವಿಲ್ಲ. ಹಾಗೆಯೇ ಬಿಟ್ಟಿದ್ದೇನೆ. ಹ್ಯಾಂಡಲ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಬಿಟ್ಟ ಕೂಡಲೇ ತಾನಾಗಿ ಮರಳುತ್ತದೆಯೇ ಎಂದು ಮಾತ್ರ ತಪ್ಪದೆ ನೋಡಿದೆ. ನೀವೂ ನೋಡಿ, ಅದನ್ನು ಮರೆಯುವವರೇ ಹೆಚ್ಚು.