ಹದಿನೆಂಟು ತುಂಬಿದ ಮೇಲೂ ಸರ್ಕಾರ ಯಾಕೆ ನೋಡಿಕೊಳ್ಳಬೇಕು?

ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಇಬ್ಬರು ಹುಡುಗರು ಬಾಡಿಗೆಗಿದ್ದಾರೆ. ಇಬ್ಬರೂ ಬಾಲಮಂದಿರದಲ್ಲಿ, ಅಂದರೆ ಆಸರೆ ಇಲ್ಲದ ಮಕ್ಕಳನ್ನು ಸರ್ಕಾರ ನೋಡಿಕೊಳ್ಳುವ ಸಂಸ್ಥೆಯಲ್ಲಿ ಬೆಳೆದವರು. ಇದು ಗೊತ್ತಾದ ಮೇಲೆ ಕಾರವಾರದಲ್ಲಿ ಸಿಕ್ಕವರೆಲ್ಲ ನನಗೆ ಕೇಳುವುದು ಒಂದೇ. ‘ಹದಿನೆಂಟು ಆಯ್ತಲ್ಲ, ಇನ್ನೂ ಸರ್ಕಾರ ಯಾಕೆ ದುಡ್ಡು ಕೊಡಬೇಕು? ದುಡಿದು ತಿನ್ನಲಿ.’ ಮೀನು ಪೇಟೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ನಿಂತು ಉತ್ತರ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ದುಡ್ಡಿನ ಮಾತು. ತಿಂಗಳಿಗೆ 4000 ರೂಪಾಯಿ. ಮಕ್ಕಳ ರಕ್ಷಣೆಗಿರುವ ಮಿಷನ್ ವಾತ್ಸಲ್ಯ ಯೋಜನೆಯದು, ಕೇಂದ್ರ ಮತ್ತು ರಾಜ್ಯ ಸೇರಿ ಕೊಡುತ್ತವೆ. 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದಕ್ಕೆ ಆಧಾರ ಇದೆ. ಸಂಸ್ಥೆಯಲ್ಲಿ ಬೆಳೆದು 18ಕ್ಕೆ ಹೊರಬಂದವರಿಗೆ 21ರವರೆಗೆ ನೆರವು, ತೀರಾ ಅಗತ್ಯ ಬಿದ್ದರೆ ಇನ್ನೆರಡು ವರ್ಷ. ಇದಕ್ಕೆ ಅನುಪಾಲನೆ ಅನ್ನುತ್ತಾರೆ. ಕೊಡಲೇಬೇಕು ಎಂದು ಕಾಯ್ದೆ ಹೇಳುವುದಿಲ್ಲ, ಕೊಡಬಹುದು ಅನ್ನುತ್ತದೆ ಅಷ್ಟೇ. ಅದಕ್ಕೇ ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕು. ಬಾಡಿಗೆ, ಊಟ, ಬಸ್ಸಿಗೆ ಕೊಟ್ಟ ಮೇಲೆ ಆ 4000ದಲ್ಲಿ ಏನು ಉಳಿಯುತ್ತದೆ, ನೀವೇ ಲೆಕ್ಕ ಹಾಕಿ.

ಕುಮಟಾದ ಒಂದು ಮದುವೆಯಲ್ಲಿ ನಮ್ಮ ಸಂಬಂಧಿಕರೊಬ್ಬರು ಪಕ್ಕದಲ್ಲೇ ಊಟಕ್ಕೆ ಕೂತಿದ್ದರು. ಮಗನಿಗೆ ಇಪ್ಪತ್ತನಾಲ್ಕು. ಬೆಂಗಳೂರಿನಲ್ಲಿ ಪರೀಕ್ಷೆಗೆ ಓದುತ್ತಿದ್ದಾನೆ. ಪಿಜಿ ಬಾಡಿಗೆ, ಕೋಚಿಂಗ್ ಫೀಸು ಎಲ್ಲ ಇವರದೇ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಕುಚಲಕ್ಕಿ, ತೆಂಗಿನಕಾಯಿ, ಅಪ್ಪೆಮಿಡಿ ಉಪ್ಪಿನಕಾಯಿ ಹೋಗುತ್ತದೆ. ಇದನ್ನೆಲ್ಲ ಪ್ರೀತಿಯಿಂದ ಹೇಳಿ, ಪಾಯಸ ಬರುವ ಹೊತ್ತಿಗೆ ನಮ್ಮ ಹುಡುಗರ ವಿಷಯಕ್ಕೆ ಬಂದರು. ‘ಹದಿನೆಂಟಾದ ಮೇಲೆ ಅವರವರ ದಾರಿ ಅವರೇ ನೋಡ್ಕೋಬೇಕು. ಇಲ್ಲದಿದ್ರೆ ಸೋಮಾರಿಗಳಾಗ್ತಾರೆ’ ಅಂದರು.

‘ನಿಮ್ಮ ಮಗ ಸೋಮಾರಿಯಾದನಾ?’ ಅಂತ ಕೇಳಿಬಿಟ್ಟೆ.

‘ಅದು ಬೇರೆ. ಅವನಿಗೆ ನಾವಿದ್ದೇವಲ್ಲ’ ಅಂದರು.

ಸರಿಯಾಗಿಯೇ ಹೇಳಿದರು. ಈ ಹುಡುಗರಿಗೆ ಯಾರೂ ಇಲ್ಲ. ಅದಕ್ಕೇ ಸರ್ಕಾರ ಬೇಕು. ನಿಮ್ಮ ಮಗನಿಗೆ ಇಪ್ಪತ್ತನಾಲ್ಕರಲ್ಲೂ ಆಸರೆ ಬೇಕಾದರೆ, ಹದಿನೆಂಟಕ್ಕೆ ಒಬ್ಬನೇ ಹೊರಬಂದವನಿಗೆ ಬೇಡವಾ?

ಆ ಹದಿನೆಂಟು ಕೂಡ ಎಲ್ಲರದ್ದೂ ನಿಜವಾದ ಹದಿನೆಂಟಲ್ಲ. ಜನನ ಪ್ರಮಾಣಪತ್ರವೂ ಇಲ್ಲದೆ, ಶಾಲೆಯ ದಾಖಲೆಯೂ ಇಲ್ಲದೆ ಸಿಕ್ಕ ಮಕ್ಕಳಿರುತ್ತಾರೆ. ಅವರ ವಯಸ್ಸನ್ನು ವೈದ್ಯಕೀಯ ಪರೀಕ್ಷೆ ಮಾಡಿ ಅಂದಾಜಿನಲ್ಲಿ ಬರೆಯುತ್ತಾರೆ. ಆ ಅಂದಾಜಿನ ತಾರೀಖು ಬಂದಾಗ ಅವರು ಬೆಳೆದ ಜಾಗ ಬಿಡಬೇಕು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹೊರಬಿದ್ದು ಎಲ್ಲಿಗೆ ಹೋಗುತ್ತಾರೆ ಅನ್ನುತ್ತೀರಾ? ನಮ್ಮ ಕಡೆ ಸುಲಭದ ದಾರಿ ಗೋವಾ. ಮಡಗಾಂವ್‌ಗೆ ರೈಲು ಹತ್ತಿದರೆ ಸಾಕು, ಹೋಟೆಲಿನಲ್ಲಿ ಕೆಲಸ, ಊಟ, ಮಲಗಲು ಜಾಗ ಎಲ್ಲ ಒಟ್ಟಿಗೆ ಸಿಗುತ್ತದೆ. ಕೆಲಸ ಬಿಟ್ಟ ದಿನ ಆ ಮೂರೂ ಒಟ್ಟಿಗೇ ಹೋಗುತ್ತವೆ. ನಮ್ಮಲ್ಲಿರುವ ದೊಡ್ಡವನೂ ಹಾಗೇ ಹೋಗಿ ವಾಪಸು ಬಂದವನು. ಈಗ ಡಿಪ್ಲೊಮಾ ಓದುತ್ತಿದ್ದಾನೆ. ಬೆಳಗಿನ ಜಾವ ಹಾಲಿನ ಪ್ಯಾಕೆಟ್ ಹಾಕುತ್ತಾನೆ. ದುಡಿಯಲಿ ಅನ್ನುವವರು ಅವನು ಸೈಕಲ್ ತೆಗೆಯುವ ಹೊತ್ತಿಗೆ ಇನ್ನೂ ಎದ್ದಿರುವುದಿಲ್ಲ.

ನನ್ನನ್ನು ಬೇರೆ ಒಂದು ಪ್ರಶ್ನೆ ಕೇಳಿದ್ದರೆ ಚೆನ್ನಾಗಿತ್ತು. ಇವರಿಗೆ ಸಹಿ ಹಾಕುವವರು ಯಾರು? ಸ್ಕಾಲರ್‌ಶಿಪ್‌ಗೆ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ಜಾತಿ ಪತ್ರಕ್ಕೆ ಅಪ್ಪನ ದಾಖಲೆ ಬೇಕು. ಅಪ್ಪನೇ ಗೊತ್ತಿಲ್ಲದವನು ಏನು ತರಬೇಕು? ಬಾಲಮಂದಿರ ಬಿಟ್ಟ ಮೇಲೆ ಆಧಾರ್‌ನಲ್ಲಿ ಹಳೆಯ ವಿಳಾಸವೇ ಉಳಿದಿರುತ್ತದೆ. ಅದನ್ನು ಬದಲಿಸಬೇಕಾದರೆ ಹೊಸ ಮನೆ ಬೇಕು. ಮನೆ ಕೇಳಲು ಹೋದರೆ ಮಾಲೀಕರು ‘ಮನೆಯವರನ್ನು ಕರ್ಕೊಂಡು ಬಾ’ ಅನ್ನುತ್ತಾರೆ. ಚಿಕ್ಕವನು ನಮ್ಮಲ್ಲಿಗೆ ಬರುವ ಮೊದಲು ಎಷ್ಟು ಬಾಗಿಲಲ್ಲಿ ಇದನ್ನು ಕೇಳಿಸಿಕೊಂಡನೋ.

ನಿಯಮದಲ್ಲಿ ಒಳ್ಳೆಯದು ಬಹಳ ಇದೆ. ಸಂಸ್ಥೆ ಬಿಡುವ ಎರಡು ತಿಂಗಳ ಮೊದಲೇ ಮುಂದಿನ ಯೋಜನೆ ಬರೆದು ಸಮಿತಿಗೆ ಕೊಡಬೇಕು. ಆರೆಂಟು ಜನ ಸೇರಿ ಇರುವ ಮನೆ, ತರಬೇತಿ ವೇಳೆ ಸ್ಟೈಪೆಂಡ್, ಸ್ವಂತ ಉದ್ಯೋಗಕ್ಕೆ ಸಾಲ, ಎಲ್ಲಕ್ಕೂ ಅವಕಾಶ ಇದೆ. ಆದರೆ ಇದರ ಹಿಂದೆ ಬಿದ್ದು ಓಡಾಡಲು ಒಬ್ಬ ದೊಡ್ಡವರು ಬೇಕು. ಸಿರ್ಸಿ ಕಡೆಯ ಹುಡುಗಿಯಾದರೆ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಬರಬೇಕು. ಒಂದು ಕಾಗದ ಮರೆತರೆ ಮತ್ತೆ ಅಷ್ಟೇ ದಾರಿ. ಜೊತೆಗೆ ಬರುವವರು ಯಾರು?

ನಿಮ್ಮ ಮನೆಯಲ್ಲಿ ಕೋಣೆ ಖಾಲಿ ಇದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೇಳಿ. ಅಂಗಡಿಯೋ ಗ್ಯಾರೇಜೋ ಇದ್ದರೆ ಕೆಲಸ ಕಲಿಸುತ್ತೇನೆ ಅನ್ನಿ. ಕೋಣೆ ಸುಮ್ನೆ ಕೊಡುವುದು ಬೇಡ, ಬಾಡಿಗೆ ಅವರು ಕೊಡುತ್ತಾರೆ.

ದೊಡ್ಡವನಿಗೆ ಈ ಮಳೆಗಾಲಕ್ಕೆ 21 ತುಂಬುತ್ತದೆ, ಡಿಪ್ಲೊಮಾ ಮುಗಿಯಲು ಇನ್ನೂ ಒಂದು ವರ್ಷ ಇದೆ. ನೆರವು ಮುಂದುವರಿಸಿ ಎಂದು ಅರ್ಜಿ ಬರೆದಿದ್ದೇವೆ. ಕಾಲೇಜಿನಿಂದ ವ್ಯಾಸಂಗ ಪತ್ರ ಬಂದ ಕೂಡಲೇ ಸಮಿತಿಗೆ ಕೊಟ್ಟು ಬರುತ್ತೇವೆ.