'ಬರೆಯುವುದನ್ನು ಕಲಿಯುವುದು ಹೇಗೆ?' ಎಂದು ಕೇಳುವವರಿಗೆ

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲೋ ಮಾಹಿಮಿನ ಕರ್ನಾಟಕ ಸಂಘದಲ್ಲೋ ಪುಸ್ತಕ ಬಿಡುಗಡೆ ಮುಗಿದು ಎಲ್ಲರೂ ಕಾಫಿಗೆ ನಿಂತಿರುವಾಗ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ: 'ನನಗೂ ಕಥೆ ಬರೆಯುವ ಆಸೆ. ಕಲಿಯುವುದು ಹೇಗೆ? ಅದೂ ಮುಂಬಯಿಯಲ್ಲಿದ್ದುಕೊಂಡು?' ಕೇಳುವವರಲ್ಲಿ ಬ್ಯಾಂಕಿನವರಿದ್ದಾರೆ, ನಿವೃತ್ತ ಶಿಕ್ಷಕಿಯರಿದ್ದಾರೆ, ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಆಡಿಕೊಂಡು ಕನ್ನಡವನ್ನು ಓದಿಗಷ್ಟೇ ಉಳಿಸಿಕೊಂಡ ಹುಡುಗ ಹುಡುಗಿಯರಿದ್ದಾರೆ. 'ಚೆನ್ನಾಗಿ ಓದಿ, ದಿನಾ ಬರೆಯಿರಿ' ಎಂದು ಹೇಳಿ ಕಾಫಿಯ ಕಡೆಗೆ ಸರಿದುಬಿಡಬಹುದು. ಆ ಮಾತು ಸುಳ್ಳಲ್ಲ. ಆದರೆ ಅದರಿಂದ ಯಾರಿಗಾದರೂ ಉಪಯೋಗವಾದದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಈ ಉದ್ದದ ಉತ್ತರ.

ಮೊದಲು ಎರಡು ಭಯಗಳನ್ನು ಕಳೆದುಬಿಡೋಣ. ಸಾಹಿತ್ಯದಲ್ಲಿ ಎಂ.ಎ. ಬೇಕೇ ಎಂದು ಕೇಳುತ್ತಾರೆ. ಬೇಡ. ಬಾಂದ್ರಾದ ಕಡಲಂಚಿನ ಮನೆಯಲ್ಲಿದ್ದುಕೊಂಡು ಬರೆದ ಯಶವಂತ ಚಿತ್ತಾಲರು ಓದಿದ್ದು ರಾಸಾಯನಿಕ ತಂತ್ರಜ್ಞಾನ; ಜಯಂತ ಕಾಯ್ಕಿಣಿಯವರು ಓದಿದ್ದು ಜೀವರಸಾಯನಶಾಸ್ತ್ರ, ಇದ್ದದ್ದು ಔಷಧ ಕಂಪನಿಯ ಕೆಲಸದಲ್ಲಿ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ, ಹೋಗುವವರು ಸಂತೋಷವಾಗಿ ಹೋಗಲಿ; ಆದರೆ ಕಥೆ ಬರೆಯಲು ಅದು ಪರವಾನಗಿಯಲ್ಲ. ಇನ್ನು ಸಮಯವಿಲ್ಲ ಎನ್ನುವುದು. ದೂರದ ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ. ನಿಲ್ದಾಣಕ್ಕೆ ದಿನವೂ ಹೋಗಿ ಬರುವವರು ಹಾಗೆಂದರೆ ನಾನು ವಾದ ಮಾಡುವುದಿಲ್ಲ, ನಿಜಕ್ಕೂ ಇಲ್ಲ. ಭಾನುವಾರ ಬರೆಯಿರಿ.

ಈಗ ನಿಜವಾದ ವಿಷಯ. ನನ್ನ ಕೈಗೆ ಬರುವ ಹೊಸಬರ ಕಥೆಗಳಲ್ಲಿ ಬಹುಪಾಲು ಹೀಗೆ ಶುರುವಾಗುತ್ತವೆ (ಮಾದರಿಗೆಂದು ನಾನೇ ಕಟ್ಟಿದ್ದು, ಯಾರದ್ದನ್ನೂ ಎತ್ತಿಕೊಂಡಿಲ್ಲ): 'ಮುಂಬಯಿಯ ಯಾಂತ್ರಿಕ ಬದುಕಿನಲ್ಲಿ ಮಾನವೀಯತೆಯೇ ಮರೆಯಾಗಿತ್ತು. ಕಿಕ್ಕಿರಿದ ಲೋಕಲ್ ರೈಲಿನಲ್ಲಿ ನಿಂತಿದ್ದ ರಮೇಶನ ಕಣ್ಣ ಮುಂದೆ ಊರಿನ ಹಸಿರು ಗದ್ದೆಗಳು ತೇಲಿಹೋದವು.' ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ಇದನ್ನು ಬರೆಯಲು ಮುಂಬಯಿಗೆ ಬರಬೇಕಾಗಿರಲಿಲ್ಲ. ರೈಲು ಹತ್ತದವರೂ ಬರೆಯಬಹುದು. ಬರೆದವರು ಇಪ್ಪತ್ತು ವರ್ಷ ಅದೇ ರೈಲಿನಲ್ಲಿ ಓಡಾಡಿದವರಾಗಿರುತ್ತಾರೆ ಎಂಬುದೇ ನನ್ನನ್ನು ಕೆಣಕುತ್ತದೆ. ಕಂಡದ್ದೆಲ್ಲ ಎಲ್ಲಿ ಹೋಯಿತು?

ಲೋಕಲ್ಲಿನ ನಾಲ್ಕನೇ ಸೀಟನ್ನು ನೋಡಿ. ಎರಡನೇ ದರ್ಜೆಯ ಬೆಂಚು ಮೂವರಿಗೆಂದು ಮಾಡಿದ್ದು. ಆದರೆ ನಾಲ್ಕನೆಯವನು ಬಂದು ನಿಂತರೆ ಮೂವರೂ ಒತ್ತಿಕೊಂಡು ಅಂಚಿನಲ್ಲಿ ಗೇಣು ಜಾಗ ಬಿಡಬೇಕು. ಯಾವ ನಿಯಮಪುಸ್ತಕದಲ್ಲೂ ಬರೆಯದ ಈ ಕಾನೂನನ್ನು ಮೀರುವವರು ಕಡಿಮೆ. ಈಗ ರಮೇಶನನ್ನು ಆ ಅಂಚಿಗೆ ಕೂರಿಸಿ. ಅರ್ಧ ತೊಡೆ ಹೊರಗೆ, ಒಂದು ಕಾಲು ನಡುದಾರಿಯಲ್ಲಿ ಊರಿಕೊಂಡು ಭಾರವೆಲ್ಲ ಅದರ ಮೇಲೆ. ಕಿಟಕಿಯ ಬದಿಯವನು ಸರಿದಂತೆ ಮಾಡಿ ಸರಿಯಲಿಲ್ಲವೇ? ನಡುವಿನವನು ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡಿದನೇ? ಠಾಣೆಯಲ್ಲಿ ಒಬ್ಬ ಇಳಿದಾಗ ರಮೇಶ ಪೂರ್ತಿ ಕುಳಿತ, ಹೊಸ ನಾಲ್ಕನೆಯವನು ಬಂದು ನಿಂತ. ಈಗ ರಮೇಶ ಎಷ್ಟು ಸರಿದ? ಕಥೆ ಇಲ್ಲಿದೆ. ಮಾನವೀಯತೆ ಮರೆಯಾಗಿದೆಯೋ ಇಲ್ಲವೋ ಎಂಬುದನ್ನು ಓದುವವರೇ ನೋಡಿಕೊಳ್ಳುತ್ತಾರೆ, ನೀವು ಘೋಷಿಸಬೇಕಾಗಿಲ್ಲ. ಊರಿನ ಗದ್ದೆಯನ್ನು ಬರೆಯಲೇಬಾರದು ಎಂದಲ್ಲ. ಚಿತ್ತಾಲರು ಇಲ್ಲಿದ್ದುಕೊಂಡೇ ಕಥೆಗಳಲ್ಲಿ ಮತ್ತೆ ಮತ್ತೆ ತಮ್ಮ ಹುಟ್ಟೂರು ಹನೇಹಳ್ಳಿಗೆ ಹೋದರು. ಆದರೆ ಅಲ್ಲಿಗೆ ಹೋದಾಗ ಅಲ್ಲಿನ ಜನರ ನಡುವೆಯೇ ಕಥೆ ನಡೆಯುತ್ತದೆ. ಊರು ಕಣ್ಣ ಮುಂದೆ ತೇಲಿ ಹೋಗುವ ಪರದೆಯಾಗುವುದಿಲ್ಲ.

ನಮಗೆ ಮಾತ್ರ ಇರುವ ಇನ್ನೊಂದು ತೊಡಕು ಸಂಭಾಷಣೆ. ಮೈಸೂರಿನ ಕಥೆಗಾರನ ಪಾತ್ರಗಳು ಕನ್ನಡದಲ್ಲಿ ಮಾತನಾಡುತ್ತವೆ, ಅವನು ಬರೆದುಕೊಂಡರಾಯಿತು. ನಮ್ಮ ಪಾತ್ರಗಳು ಹಾಲಿನವನ ಜೊತೆ ಹಿಂದಿ, ಪಕ್ಕದ ಮನೆಯ ಕಾಕೂ ಜೊತೆ ಮರಾಠಿ, ಹೆಂಡತಿಯ ಜೊತೆ ತುಳುವೋ ಕೊಂಕಣಿಯೋ ಆಡುತ್ತವೆ. ಹೊಸಬರು ಎರಡು ದಾರಿ ಹಿಡಿಯುತ್ತಾರೆ. ಒಂದು, ಹಿಂದಿಯನ್ನು ಇದ್ದಂತೆಯೇ ಕನ್ನಡ ಲಿಪಿಯಲ್ಲಿ ಪುಟಗಟ್ಟಲೆ ಹಾಕುವುದು. ಇನ್ನೊಂದು, ತರಕಾರಿಯವಳ ಬಾಯಲ್ಲಿ 'ತಾವು ಯಾವ ತರಕಾರಿಯನ್ನು ಅಪೇಕ್ಷಿಸುತ್ತೀರಿ?' ಎಂದು ಆಡಿಸುವುದು. ಎರಡನೆಯದನ್ನು ಓದಿದಾಗ ನನಗೆ ಆಕೆಯ ಬಗ್ಗೆ ನಿಜಕ್ಕೂ ಮರುಕವಾಗುತ್ತದೆ. ಇಡೀ ದಿನ ದಾದರಿನ ಗದ್ದಲದಲ್ಲಿ ಕೂಗುವವಳಿಗೆ ಅಷ್ಟು ಉಸಿರೆಲ್ಲಿ? ಸರಳ ಕನ್ನಡದಲ್ಲಿ ಮೂರು ಪದ ಸಾಕು: 'ಏನು ಕೊಡಲಿ, ಬೇಗ.' ಆಕೆ ಮರಾಠಿಯವಳೆಂಬುದು ಅವಳ ಅವಸರದಿಂದ, ಅವಳು ಕೂತ ಜಾಗದಿಂದ, ನಡುವೆ ಬಂದ ಒಂದು 'ತಾಈ' (ಮರಾಠಿಯಲ್ಲಿ ಅಕ್ಕ) ಎಂಬ ಮಾತಿನಿಂದ ಗೊತ್ತಾಗುತ್ತದೆ. ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ, ಆಕೆ ಮಾತನಾಡಲೇಬೇಕೇ ಎಂದು ಕೇಳಿಕೊಳ್ಳಿ. ನಾಲ್ಕನೇ ಸೀಟು ಕೇಳುವವರು ಎಷ್ಟೋ ಸಲ ಬಾಯಿ ತೆರೆಯುವುದಿಲ್ಲ, ಕೈಸನ್ನೆ ಮಾಡುತ್ತಾರೆ ಅಷ್ಟೇ.

ಇದನ್ನೆಲ್ಲ ಯಾರೂ ತರಗತಿಯಲ್ಲಿ ಕೂರಿಸಿ ಕಲಿಸಬೇಕಾಗಿಲ್ಲ. ಪ್ರತಿ ವಾಕ್ಯದಲ್ಲೂ ಬರೆದವರು ಏನನ್ನೋ ಆರಿಸಿಕೊಂಡಿದ್ದಾರೆ, ಏನನ್ನೋ ಬಿಟ್ಟಿದ್ದಾರೆ ಎಂದು ಕಾಣತೊಡಗಿದರೆ ಕಸುಬು ಕೈಹತ್ತಿತು. ಅದು ಕಾಣುವಂತಾಗಲು ನನಗೆ ಗೊತ್ತಿರುವ ಒಳ್ಳೆಯ ಉಪಾಯ ಅನುವಾದ. ಇಲ್ಲಿ ಮುಂಬಯಿಯವರಿಗೇ ಮೇಲುಗೈ. 1909ರಲ್ಲಿ ಕಾಶಿನಾಥ ರಘುನಾಥ ಮಿತ್ರರ 'ಮನೋರಂಜನ' ಪತ್ರಿಕೆಯಿಂದ ಮೊದಲಾದ ಮರಾಠಿ ದೀಪಾವಳಿ ಸಂಚಿಕೆಗಳ ಸಂಪ್ರದಾಯ ಇಂದಿಗೂ ನಡೆದಿದೆ. ಹಬ್ಬದ ಹೊತ್ತಿಗೆ ಅವು ಅಂಗಡಿಗಳಲ್ಲಿ ರಾಶಿ ಬೀಳುತ್ತವೆ. ಒಂದನ್ನು ಕೊಂಡು, ಇಷ್ಟವಾದ ಒಂದು ಕಥೆಯನ್ನು ಕನ್ನಡಕ್ಕೆ ತನ್ನಿ. ಓದುವಾಗ ಜಾರಿಕೊಂಡು ಹೋಗುವ ವಾಕ್ಯ ಅನುವಾದಿಸುವಾಗ ಅಡ್ಡ ನಿಲ್ಲುತ್ತದೆ. ಮರಾಠಿಯಲ್ಲಿ 'ಯಾವನು ನಿನ್ನೆ ಬಂದಿದ್ದನೋ ಅವನು' ಎಂಬ ಧಾಟಿಯಲ್ಲಿ ಒಂದೊಂದೇ ತುಂಡಾಗಿ ಬಿಚ್ಚಿಕೊಳ್ಳುವ ವಾಕ್ಯಗಳಿವೆ. ಕನ್ನಡ ಅದನ್ನೆಲ್ಲ ನಾಮಪದದ ಮುಂದೆ ಒಟ್ಟಿಬಿಡುತ್ತದೆ: 'ನಿನ್ನೆ ಮಳೆಯಲ್ಲಿ ನೆನೆದು ಬಾಡಿಗೆ ಕೇಳಲು ಬಂದಿದ್ದ ಕುಂಟುಗಾಲಿನ ಮಾಲೀಕ.' ಮಾಲೀಕ ಬರುವ ಹೊತ್ತಿಗೆ ಓದುಗ ಸುಸ್ತಾಗಿರುತ್ತಾನೆ. ಹಾಗಾದರೆ ವಾಕ್ಯ ಒಡೆಯಬೇಕೇ? ಕುಂಟುಗಾಲನ್ನು ಮೊದಲು ತೋರಿಸಬೇಕೇ, ಬಾಡಿಗೆಯನ್ನೇ? ಮೂಲ ಲೇಖಕರು ಅದನ್ನು ಕೊನೆಗೆ ಇಟ್ಟದ್ದು ಸುಮ್ಮನೆಯೇ? ಇಂಥ ಪ್ರಶ್ನೆಗಳಲ್ಲಿ ಒಂದು ಪುಟಕ್ಕೆ ಒಂದು ಭಾನುವಾರ ಹಿಡಿಯುತ್ತದೆ, ಹಿಡಿಯಲಿ. ಇದು ಅಭ್ಯಾಸಕ್ಕೆ, ಅಚ್ಚಿಗೆ ಕೊಡುವುದಾದರೆ ಮೂಲದವರ ಅನುಮತಿ ಬೇಕು. ಅಲ್ಲಿಂದ ನಿಮ್ಮದೇ ಹಳೆಯ ಕಥೆಗೆ ಮರಳಿದರೆ ಅದನ್ನೂ ಬೇರೆಯವರು ಬರೆದದ್ದೆಂಬಂತೆ ಓದಬಲ್ಲಿರಿ.

ಯಾರಿಗೆ ತೋರಿಸಬೇಕು? ವಾಟ್ಸಾಪ್ ಗುಂಪಿಗೆ ಬೇಡ. ಅಲ್ಲಿ ಹಾಕಿದ್ದಕ್ಕೆಲ್ಲ ಕೈ ಜೋಡಿಸಿದ ಚಿತ್ರವೇ ಉತ್ತರ. ಕಥೆ ಓದುವ ಚಟವಿರುವ ಒಬ್ಬರನ್ನು ಹಿಡಿಯಿರಿ. 'ಹೇಗಿದೆ?' ಎಂದು ಕೇಳಬೇಡಿ, ಏಕೆಂದರೆ 'ಚೆನ್ನಾಗಿದೆ' ಎನ್ನುತ್ತಾರೆ. 'ಎಲ್ಲಿ ಬೇಸರವಾಯಿತು?' ಎಂದು ಕೇಳಿ. ಬೆರಳಿಟ್ಟು ತೋರಿಸಿದ ಜಾಗದಲ್ಲಿ ಜಗಳವಾಡದೆ ಗುರುತು ಹಾಕಿಕೊಳ್ಳಿ. ಪತ್ರಿಕೆಗಳ ಕಥಾಸ್ಪರ್ಧೆಗೆ ಆಮೇಲೆ ಕಳಿಸೋಣ.

ನನಗೂ ತೋರಿಸಬಹುದು. ಆದರೆ ಒಂದು ಕಥೆ ತನ್ನಿ, ಸಂಕಲನವನ್ನಲ್ಲ. ಮುನ್ನುಡಿಯನ್ನು ಮಾತ್ರ ಕೇಳಬೇಡಿ.