ಮೂರು ಸಲ ಬಣ್ಣ ಬಳಿದ ಗೋಡೆ: ಬಾಡಿಗೆ ಮನೆ ರಿಪೇರಿಯ ದಿನಚರಿ

ಫೆಬ್ರವರಿ 3

ಮೇಲಿನ ಮನೆಯವರು ಮೊನ್ನೆ ಖಾಲಿ ಮಾಡಿದರು. ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ 1988ರಲ್ಲಿ ಕಟ್ಟಿಸಿದ ಮನೆ. ಕೆಳಗೊಂದು, ಮೇಲೊಂದು ಬಾಡಿಗೆ ಸಂಸಾರ. ಕೆಳಗಿನ ಮನೆಯ ಮಲಗುವ ಕೋಣೆಯ ಗೋಡೆಯಲ್ಲಿ, ಸೂರಿಗೆ ತಾಗಿದಂತೆ, ಒಂದು ತೇವದ ಕಲೆಯಿದೆ. ಏಳು ವರ್ಷದಲ್ಲಿ ಮೂರು ಸಲ ಕೆರೆಸಿ, ಪುಟ್ಟಿ ಹಾಕಿಸಿ, ಬಣ್ಣ ಬಳಿಸಿದ್ದೇನೆ. ಮೂರು ಸಲವೂ ಆರೇ ತಿಂಗಳಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿ ಉದುರಿತು.

ಕೆಳಗೆ ಇರುವವರು ನಿವೃತ್ತ ಭೂಗೋಳ ಮೇಷ್ಟ್ರು. ಕೂಗಾಡುವವರಲ್ಲ. ಕಳೆದ ವಾರ ಕಾಫಿ ಕೊಟ್ಟು, "ಮಾಲೀಕರು ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ ಬಾಡಿಗೆದಾರನೇ ಮಾಡಿಸಿ, ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದಂತೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ. ನೋಡಿದ್ದೀರಾ?" ಎಂದರು. ನೋಡಿರಲಿಲ್ಲ. ಮನೆಗೆ ಬಂದು ನೋಡಿದೆ. ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿರದಿದ್ದರೆ ಹೌದು. ನಾವು ಬರೆದುಕೊಂಡಿಲ್ಲ.

ಈ ಸಲ ನೀರಿನ ಮೂಲ ಸಿಗುವವರೆಗೆ ಪೇಂಟರ್‌ನನ್ನು ಕರೆಯುವುದಿಲ್ಲ. ಕಲೆಯ ಅಂಚಿನುದ್ದಕ್ಕೂ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ 3-2 ಎಂದು ಬರೆದೆ.

ಫೆಬ್ರವರಿ 8

ಮೇಸ್ತ್ರಿ ಬಂದರು. ಒಂದು ನಿಮಿಷ ನೋಡಿ, "ಹೊರಗೋಡೆ ಬಿರುಕು ಬಿಟ್ಟು ಮಳೆನೀರು ಇಳಿಯುತ್ತಿದೆ ಸಾರ್, ವಾಟರ್‌ಪ್ರೂಫ್ ಬಣ್ಣ ಹೊಡೆಸಿಬಿಡೋಣ" ಎಂದರು. ಮಳೆ ಬಂದು ಎರಡು ತಿಂಗಳಾಗಿದೆ. ಮೇಲಿನ ಮನೆ ಖಾಲಿ. ಆದರೂ ತೇವ ಐದು ದಿನದಲ್ಲಿ ಗೆರೆಯಿಂದ ಅರ್ಧ ಇಂಚು ಆಚೆ ಹೋಗಿದೆ. ಕಲೆಯ ನೇರ ಮೇಲಿರುವುದು ಅಡುಗೆಮನೆ. ಬಚ್ಚಲುಮನೆ ನಾಲ್ಕು ಅಡಿ ದೂರ.

ಮೊದಲ ಅನುಮಾನ ನಲ್ಲಿಯ ಪೈಪಿನ ಮೇಲೆ. ಅದರಲ್ಲಿ ಸದಾ ನೀರಿನ ಒತ್ತಡ ಇರುವುದರಿಂದ, ಯಾರೂ ನಲ್ಲಿ ತಿರುಗಿಸದಿದ್ದರೂ ಸೋರುತ್ತದೆ. ರಾತ್ರಿ ಹತ್ತಕ್ಕೆ ಮೇಷ್ಟ್ರ ಮನೆಗೆ ಹೋಗುವ ವಾಲ್ವ್ ಮುಚ್ಚಿ (ಎರಡು ಬಕೆಟ್ ತುಂಬಿಟ್ಟುಕೊಳ್ಳಿ ಎಂದು ಮೊದಲೇ ಹೇಳಿದ್ದೆ), ತಾರಸಿಯ ಟ್ಯಾಂಕಿನಲ್ಲಿ ಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡಿದೆ. ಬೆಳಿಗ್ಗೆ ಆರಕ್ಕೂ ಅದೇ ಮಟ್ಟ. ನಲ್ಲಿಯ ಪೈಪು ನಿರಪರಾಧಿ. ಹತ್ತಿದ್ದಕ್ಕೆ ಟ್ಯಾಂಕಿನ ಮುಚ್ಚಳ ಸೀಳಿರುವುದು ಕಂಡಿತು. ಹೊಸದು ತಂದು ಹಾಕಿದೆ.

ಫೆಬ್ರವರಿ 13

ಬಚ್ಚಲಿನ ನಹಾನಿ ಟ್ರ್ಯಾಪಿಗೆ (ನೆಲದ ನೀರು ಹೊರಹೋಗುವ ತೂತಿಗೆ) ಬಟ್ಟೆ ತುರುಕಿ ಒಂದು ಇಂಚು ನೀರು ನಿಲ್ಲಿಸಿದೆ. ಮರುದಿನವೂ ಹೆಚ್ಚುಕಡಿಮೆ ಅಷ್ಟೇ ಇತ್ತು, ನೆಲ ಗಟ್ಟಿಯಾಗಿದೆ. ಬಟ್ಟೆ ತೆಗೆದು, ಬಿಳಿ ಪಂಚೆಗೆ ಹಾಕುವ ನೀಲಿಯನ್ನು ಕಲಸಿದ ಹತ್ತು ಬಕೆಟ್ ನೀರನ್ನು ಅದೇ ತೂತಿಗೆ ಸುರಿದೆ. ಸಂಜೆ ಕಾಂಪೌಂಡಿಗೆ ಇಳಿದು ನೋಡಿದರೆ, ಪೈಪು ಗೋಡೆಯಿಂದ ಹೊರಬರುವ ಜಾಗದ ಕೆಳಗೆ ಒಂದು ಗೇಣುದ್ದದ ನೀಲಿ ಗೆರೆ. ಹದಿನೈದು ರೂಪಾಯಿಯ ಬಾಟಲಿ!

ಫೆಬ್ರವರಿ 17

ನೆಲ ಅಗೆಸಿದೆ. ಬಚ್ಚಲಿನ ಸ್ಲ್ಯಾಬನ್ನು ಒಂದು ಅಡಿ ತಗ್ಗಿಸಿ, ಪೈಪು ಹಾಯಿಸಿ, ಮೇಲೆ ಒಡಕು ಇಟ್ಟಿಗೆ ತುಂಬಿಸಿ ಟೈಲ್ಸ್ ಹಾಕುವುದು ಆ ಕಾಲದ ಪದ್ಧತಿ. ಆ ಇಟ್ಟಿಗೆಯೆಲ್ಲ ನೀರು ಕುಡಿದು ಕೂತಿತ್ತು. ನಿಂಬೆಹಣ್ಣಿನ ಗಾತ್ರದ ಒಂದು ಚೂರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಅರ್ಧ ಗಂಟೆಯಲ್ಲಿ ಅದರ ಸುತ್ತ ಒದ್ದೆ ವೃತ್ತ ಮೂಡಿತು. ಮನೆ ಖಾಲಿಯಾದ ಮೇಲೂ ಗೋಡೆ ನೆನೆಯುತ್ತಿದ್ದುದು ಹೀಗೆ. ಟ್ರ್ಯಾಪ್ ಮತ್ತು ಪೈಪನ್ನು ಕೂಡಿಸಿದ್ದ ಸಿಮೆಂಟಿನಲ್ಲಿ ಉಗುರು ತೂರುವಷ್ಟು ಬಿರುಕು. ಇಷ್ಟಕ್ಕೆ ಏಳು ವರ್ಷ.

ಮಾರ್ಚ್ 1

ಒಂಬತ್ತು ದಿನ ಫ್ಯಾನ್ ಇಟ್ಟು ಗುಂಡಿ ಒಣಗಿಸಿದೆವು. ತಿಂಗಳ ಬಾಡಿಗೆ ಒಂಬತ್ತೂವರೆ ಸಾವಿರ ಹೋಯಿತು. ಫ್ಯಾನ್ ತಿರುಗಿದಷ್ಟೂ ಹೊಟ್ಟೆ ಉರಿಯಿತು. ಹೊಸ ಪಿವಿಸಿ ಟ್ರ್ಯಾಪ್ ಕೂರಿಸಿ, ಮೂಲೆಗಳನ್ನು ಗಾರೆಯಿಂದ ಗುಂಡಗೆ ತೀಡಿ, ವಾಟರ್‌ಪ್ರೂಫಿಂಗ್ ಕೋಟು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಬಳಿಸಿದೆ. ಇಟ್ಟಿಗೆ ತುಂಬುವ ಮೊದಲು 48 ಗಂಟೆ ನೀರು ನಿಲ್ಲಿಸಿದೆವು. ಒಂದು ದಿನ ಸಾಕು ಎಂದು ಮೇಸ್ತ್ರಿ ಗೊಣಗಿದರು, ನಾನು ಬಿಡಲಿಲ್ಲ. ಗುಂಡಿಯ ತಳದಿಂದ ಹೊರಗೋಡೆಗೆ ಒಂದು ಸಣ್ಣ ಪೈಪನ್ನೂ ಬಿಡಿಸಿದೆ. ಮುಂದೆ ಎಂದಾದರೂ ಸೋರಿದರೆ ಅಲ್ಲಿ ತೊಟ್ಟಿಕ್ಕಿ ತಿಳಿಸುತ್ತದೆ. "ಕೆಲಸ ಕೆಡುತ್ತದೆ ಎಂದು ಈಗಲೇ ಒಪ್ಪಿಕೊಂಡ ಹಾಗಾಗುವುದಿಲ್ಲವೇ ಸಾರ್?" ಎಂದು ಮೇಸ್ತ್ರಿ ಬೇಸರಪಟ್ಟುಕೊಂಡರು. ಆಗುತ್ತದೆ.

ಮಾರ್ಚ್ 24

ಟೈಲ್ಸ್ ಮುಗಿಯಿತು. ಆರು ಅಡಿಗೆ ಒಂದು ಇಂಚು ಇಳಿಜಾರು. ಗೋಲಿ ಇಟ್ಟರೆ ತಾನೇ ಉರುಳಿ ಟ್ರ್ಯಾಪಿಗೆ ಹೋಗುತ್ತದೆ. ಒಟ್ಟು ಖರ್ಚು 31,400 ರೂಪಾಯಿ. ಗೇಟಿಗೆ 'ಮನೆ ಬಾಡಿಗೆಗಿದೆ' ಬೋರ್ಡು ತೂಗುಹಾಕಿದೆ.

ಕೆಳಗಿನ ಗೋಡೆಯ ಉಸ್ತುವಾರಿಯನ್ನು ಮೇಷ್ಟ್ರು ವಹಿಸಿಕೊಂಡಿದ್ದಾರೆ. ಉಬ್ಬಿದ ಬಣ್ಣವನ್ನೂ ಬಿಳಿ ಉಪ್ಪನ್ನೂ ಒಣ ಬ್ರಷ್ಷಿನಿಂದ ಉಜ್ಜಿ ತೆಗೆದು, ಭಾನುವಾರಕ್ಕೊಂದು ಗೆರೆ ಎಳೆಯುತ್ತಾರೆ. ಈಗ ಗೆರೆಗಳು ಒಂದರೊಳಗೊಂದು ಕುಗ್ಗುತ್ತಿವೆ. ತಮ್ಮ ತರಗತಿಯಲ್ಲಿ ಬೆಟ್ಟದ ನಕಾಶೆ ಹೀಗೇ ಬಿಡಿಸುತ್ತಿದ್ದರಂತೆ. ನಡುವೆ ಅಂಗೈ ಅಗಲದ ಒದ್ದೆ ಇನ್ನೂ ಉಳಿದಿದೆ. ಏಪ್ರಿಲ್ ಕೊನೆಗೆ ಬನ್ನಿ ಎಂದು ಪೇಂಟರ್‌ಗೆ ಹೇಳಿದ್ದೆ. ಮೇಷ್ಟ್ರು ಫೋನ್ ಇಸಿದುಕೊಂಡು ಮೇ ಎಂದರು.